ರೇಡ್ ಕುಸಿದಾಗ ಮೊದಲ ಖರ್ಚು ಯಾವುದಕ್ಕೆ?

ಮನೆಯಲ್ಲೇ ಒಂದು ಸರ್ವರ್ ಇಟ್ಟುಕೊಳ್ಳುವವರು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಈಗ ಅಪರೂಪವಲ್ಲ. ಕುಟುಂಬದ ಫೋಟೊ, ಮಕ್ಕಳ ವಿಡಿಯೊ, ತೆರಿಗೆ ಕಾಗದ, ಆಸ್ತಿಪತ್ರದ ಸ್ಕ್ಯಾನ್, ಕೆಲವರಿಗೆ ವ್ಯಾಪಾರದ ಲೆಕ್ಕ ಎಲ್ಲವೂ ನಾಲ್ಕು ಡಿಸ್ಕ್‌ಗಳ ಒಂದು ಪೆಟ್ಟಿಗೆಯೊಳಗೆ ಇರುತ್ತವೆ. ಅವನ್ನು ರೇಡ್ 5 ಕ್ರಮದಲ್ಲಿ ಜೋಡಿಸಿದರೆ ಒಂದು ಡಿಸ್ಕ್ ಕೆಟ್ಟರೂ ಏನೂ ಹೋಗುವುದಿಲ್ಲ ಎಂಬ ಧೈರ್ಯಕ್ಕೆ ನಾವು ಹಣ ಕೊಡುತ್ತೇವೆ. ಮನೆಯ ಸರ್ವರ್‌ಗೆ ವರ್ಷಗಳಿಂದ ಹಣ ಹಾಕುತ್ತ ಬಂದವನಾಗಿ ನನ್ನ ವಾದ ಇಷ್ಟೇ: ಡಿಸ್ಕ್ ಕೆಡುವ ಮೊದಲಾಗಲಿ, ಕೆಟ್ಟ ಮೇಲಾಗಲಿ, ಮೊದಲ ರೂಪಾಯಿ ಹೋಗಬೇಕಾದ್ದು ನಕಲಿಗೆ. ಹೆಚ್ಚುವರಿ ಡಿಸ್ಕ್, ರೀಬಿಲ್ಡ್, ರಿಕವರಿ ಅಂಗಡಿ ಎಲ್ಲ ಆಮೇಲೆ.

ರೇಡ್ ಹುಟ್ಟಿದ್ದೇ ಹಣದ ಲೆಕ್ಕಾಚಾರದಿಂದ. 1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ತಮ್ಮ ಪ್ರಬಂಧದಲ್ಲಿ, ದುಬಾರಿಯಾದ ಒಂದು ದೊಡ್ಡ ಡಿಸ್ಕ್ ಬದಲು ಅಗ್ಗದ ಹಲವು ಸಣ್ಣ ಡಿಸ್ಕ್‌ಗಳನ್ನು ಒಟ್ಟಿಗೆ ದುಡಿಸಬಹುದು ಎಂದು ವಾದಿಸಿದರು. ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚುವುದರಿಂದ, ಕೆಟ್ಟದ್ದರ ಮಾಹಿತಿಯನ್ನು ಉಳಿದವುಗಳಿಂದ ಲೆಕ್ಕಹಾಕಿ ಪಡೆಯುವ ಪ್ಯಾರಿಟಿ ಬೇಕಾಯಿತು. ಅದರ ಕೆಲಸ ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದು. ಬ್ಯಾಂಕಿಗೆ, ಆಸ್ಪತ್ರೆಗೆ ಒಂದು ಗಂಟೆ ನಿಂತರೂ ನಷ್ಟ. ಮನೆಗೆ ಒಂದು ದಿನ ನಿಂತರೂ ಅಂಥ ನಷ್ಟವಿಲ್ಲ. ಕಾರಿನಲ್ಲಿ ಸ್ಟೆಪ್ನಿ ಇದೆ ಎಂದು ಯಾರೂ ವಿಮೆ ಬಿಡುವುದಿಲ್ಲ, ಆದರೆ ಸರ್ವರ್ ವಿಷಯದಲ್ಲಿ ನಾವು ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ. ಕೈತಪ್ಪಿ ಅಳಿಸಿದ ಫೋಲ್ಡರ್ ಎಲ್ಲ ಡಿಸ್ಕ್‌ಗಳಿಂದಲೂ ಒಮ್ಮೆಗೇ ಹೋಗುತ್ತದೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಇಂಥ ಮನೆ-ಕಚೇರಿಗಳ ಸ್ಟೋರೇಜ್ ಪೆಟ್ಟಿಗೆಗಳಿಗೆ ನುಗ್ಗಿ ಕಡತಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ಅಲ್ಲಿ ಪ್ಯಾರಿಟಿ ಯಾರ ನೆರವಿಗೂ ಬರುವಂತಿರಲಿಲ್ಲ. ಕರೆಂಟ್ ಏರಿಳಿತಕ್ಕೆ ಪವರ್ ಸಪ್ಲೈ ಸುಟ್ಟರೆ ನಾಲ್ಕೂ ಡಿಸ್ಕ್‌ಗಳು ಅದೇ ತಂತಿಯ ತುದಿಯಲ್ಲಿರುತ್ತವೆ.

ಇನ್ನು ಕೆಟ್ಟ ದಿನದ ಮಾತು. 4 ಟಿಬಿಯ ನಾಲ್ಕು ಡಿಸ್ಕ್‌ಗಳಲ್ಲಿ ಒಂದು ಕೈಕೊಟ್ಟಿತು ಎನ್ನೋಣ. ಹೊಸ ಡಿಸ್ಕ್ ತಂದು ಸಿಕ್ಕಿಸಿ ರೀಬಿಲ್ಡ್ ಒತ್ತುವುದೇ ಎಲ್ಲರ ಮೊದಲ ಯೋಚನೆ. ಆದರೆ ರೀಬಿಲ್ಡ್ ಎಂದರೆ ಉಳಿದ ಮೂರು ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ, ಒಟ್ಟು 12 ಟಿಬಿ ಓದುವುದು. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ ಏಳು ಗಂಟೆಗೆ ಮೀರಿದ ಕೆಲಸ, ಅದೂ ಒಂದೇ ಸಮನೆ. ಸಾಧಾರಣ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ಓದಲಾಗದ ದೋಷದ ಮಿತಿ ನೂರು ಲಕ್ಷ ಕೋಟಿ ಬಿಟ್‌ಗೆ ಒಂದು ಎಂದಿರುತ್ತದೆ, ಅಂದರೆ ಸುಮಾರು 12.5 ಟಿಬಿಗೆ ಒಂದು. ಜೊತೆಗೆ ಆ ಮೂರೂ ಡಿಸ್ಕ್‌ಗಳನ್ನು ಸಾಮಾನ್ಯವಾಗಿ ಕೆಟ್ಟದ್ದರ ಜೊತೆಗೇ, ಒಂದೇ ಅಂಗಡಿಯಲ್ಲಿ ಕೊಂಡಿರುತ್ತೇವೆ. ಒಂದೇ ಬಿಸಿಲು, ಒಂದೇ ಧೂಳು, ಒಂದೇ ವಯಸ್ಸು. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ನೋಡಿ ಗೂಗಲ್ ಎಂಜಿನಿಯರ್‌ಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಹಸಿರು ದೀಪ ಉರಿಯುತ್ತಿದೆ ಎಂದು ಉಳಿದ ಮೂರನ್ನು ನಂಬಲು ಆಧಾರವಿಲ್ಲ.

ಇದು ಉತ್ಪ್ರೇಕ್ಷೆ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. 12.5 ಟಿಬಿಗೆ ಒಂದು ಎನ್ನುವುದು ತಯಾರಕರು ಒಪ್ಪಿಕೊಂಡ ಗರಿಷ್ಠ ಮಿತಿ. ಆರೋಗ್ಯವಾಗಿರುವ ಡಿಸ್ಕ್ ಅದಕ್ಕಿಂತ ಎಷ್ಟೋ ಚೆನ್ನಾಗಿ ಓದುತ್ತದೆ. ಡೆಬಿಯನ್ ಲಿನಕ್ಸ್ ತಿಂಗಳ ಮೊದಲ ಭಾನುವಾರ ಇಡೀ ರೇಡ್ ಓದಿ ಪರೀಕ್ಷಿಸುವ ಏರ್ಪಾಡನ್ನು ತಾನೇ ಮಾಡಿಟ್ಟಿರುತ್ತದೆ, ಆ ಪರೀಕ್ಷೆ ತಪ್ಪದೆ ನಡೆದಿದ್ದರೆ ರೀಬಿಲ್ಡ್ ಸುಸೂತ್ರವಾಗಿ ಮುಗಿಯುವ ಸಾಧ್ಯತೆಯೇ ಹೆಚ್ಚು. ಆದರೆ ಸಂಭವ ಕಡಿಮೆ ಎಂಬುದು ಅರ್ಧ ಲೆಕ್ಕ. ತಪ್ಪಿದರೆ ಹೋಗುವುದು ಎಷ್ಟು ಎಂಬುದು ಇನ್ನರ್ಧ. ಮತ್ತೆ ಡೌನ್‌ಲೋಡ್ ಮಾಡಬಹುದಾದ ಸಿನಿಮಾಗಳಷ್ಟೇ ಇದ್ದರೆ ನೇರವಾಗಿ ರೀಬಿಲ್ಡ್ ಒತ್ತಿ, ನನ್ನ ತಕರಾರಿಲ್ಲ. ತೀರಿಹೋದ ತಾಯಿಯ ಧ್ವನಿ ಇರುವುದು ಅಲ್ಲಿ ಮಾತ್ರ ಎಂದಾದರೆ ಶೇಕಡಾ ಒಂದರ ಅಪಾಯವೂ ನನಗೆ ದುಬಾರಿ.

ಹಾಗಾದರೆ ನಕಲಿಗಾಗಿ ಮತ್ತೆ ನಾಲ್ಕು ಡಿಸ್ಕ್ ಕೊಳ್ಳಬೇಕೇ? ಡಿಸ್ಕ್‌ಗೆ 10,000 ರೂಪಾಯಿಯಂತೆ ಹಿಡಿದರೆ 40,000 ಆಯಿತಲ್ಲ! ಇದು ನ್ಯಾಯವಾದ ಪ್ರಶ್ನೆ. ಖರ್ಚಿಲ್ಲದ ಕೆಲಸ ಮೊದಲು ಮಾಡೋಣ. ರೇಡ್‌ನಿಂದ ಹೊರಬಿದ್ದ ಡಿಸ್ಕ್ ಸತ್ತಿದೆ ಎಂದೇನೂ ಅಲ್ಲ. ಸಡಿಲವಾದ ಸಾಟಾ ಕೇಬಲ್, ಸೊರಗಿದ ಪವರ್ ಸಪ್ಲೈ, ಅಥವಾ ಓದಲಾಗದ ಜಾಗದಲ್ಲಿ ಡಿಸ್ಕ್ ಹೆಣಗುತ್ತಿರುವಾಗ ಲಿನಕ್ಸ್‌ನ 30 ಸೆಕೆಂಡಿನ ತಾಳ್ಮೆ ಮುಗಿದದ್ದೂ ಕಾರಣವಿರಬಹುದು. ಕೇಬಲ್‌ಗೆ ಕೆಲವು ನೂರು ರೂಪಾಯಿ ಸಾಕು. ಎರಡು ಡಿಸ್ಕ್ ಹೊರಬಿದ್ದು ರೇಡ್ ಪೂರ್ತಿ ನಿಂತಿದ್ದರೆ, ಪ್ರತಿ ಡಿಸ್ಕ್‌ನ ತಲೆಬರಹದಲ್ಲಿರುವ ಈವೆಂಟ್ ಸಂಖ್ಯೆ ನೋಡಬೇಕು. ಅದು ಹಿಂದೆ ಉಳಿದ ಡಿಸ್ಕ್ ಮೊದಲು ಹೋದದ್ದು, ಅದರಲ್ಲಿರುವುದು ಹಳೆಯ ಮಾಹಿತಿ. ಕೊನೆಗೆ ಹೊರಬಿದ್ದದ್ದೇ ನಮಗೆ ಬೇಕಾದ್ದು. ನಾಲ್ಕರ ರೇಡ್ 5ಕ್ಕೆ ಮೂರು ಡಿಸ್ಕ್ ಸಾಕಾಗುವುದರಿಂದ, ಕಡಿಮೆಯೆಂದರೆ ಆ ಒಂದರ ನಕಲನ್ನಾದರೂ ತೆಗೆಯಲೇಬೇಕು. ಅಲ್ಲಿಗೆ 40,000ದ ಖರ್ಚು 10,000ಕ್ಕೆ ಇಳಿಯಿತು. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸುಲಭವಾಗಿ ಓದುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂತೆಂದು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಮುಂದುವರಿಸಬಹುದು. ಮೂಲ ಡಿಸ್ಕ್ ಎತ್ತಿಟ್ಟು, ನಕಲನ್ನು ಸೇರಿಸಿ ರೇಡ್ ಅನ್ನು ಒತ್ತಾಯದಿಂದ ಜೋಡಿಸಿ, ಓದಲು ಮಾತ್ರ ತೆರೆದು, ಬೇಕಾದ್ದನ್ನು ಹೊರಗೆ ತೆಗೆದುಕೊಳ್ಳಬೇಕು. ಈ ಹಂತದಲ್ಲಿ ಗಾಬರಿಯಿಂದ ‘ಕ್ರಿಯೇಟ್’ ಆದೇಶ ಕೊಡುವುದೇ ಅತ್ಯಂತ ದುಬಾರಿ ತಪ್ಪು. ಅದು ಹಳೆಯ ತಲೆಬರಹದ ಮೇಲೆ ಹೊಸದನ್ನು ಬರೆಯುತ್ತದೆ, ಡಿಸ್ಕ್‌ಗಳ ಸರದಿಯೋ ಮಾಹಿತಿ ಶುರುವಾಗುವ ಜಾಗವೋ ತಪ್ಪಿದರೆ ಇದ್ದ ಸುಳಿವೂ ಅಳಿಸಿಹೋಗುತ್ತದೆ. ಕೊಂಡ ಆ ಡಿಸ್ಕ್ ವ್ಯರ್ಥವೂ ಅಲ್ಲ, ಕೆಲಸ ಮುಗಿದ ಮೇಲೆ ಅದೇ ಮನೆಯ ಬ್ಯಾಕಪ್.

ಇಷ್ಟೆಲ್ಲ ರಗಳೆಗಿಂತ ರಿಕವರಿಯವರಿಗೆ ಕೊಟ್ಟುಬಿಡುವುದೇ ವಾಸಿ ಎನ್ನುವವರಿಗೆ: ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ, ತಿರುಗದೆ ನಿಂತಿದ್ದರೆ, ಅದು ಸರಿಯಾದ ದಾರಿ; ಕೂಡಲೇ ಕರೆಂಟ್ ತೆಗೆಯಿರಿ, ಮತ್ತೆ ಹಾಕಬೇಡಿ. ಆದರೆ ರೇಡ್ ಎಂದರೆ ಅವರು ಕೈಹಾಕಬೇಕಾದ್ದು ಹಲವು ಡಿಸ್ಕ್‌ಗಳಿಗೆ, ದರ ಬೇಗನೆ ಹತ್ತಾರು ಸಾವಿರ ಮುಟ್ಟುತ್ತದೆ, ಫಲದ ಖಾತರಿ ಇಲ್ಲ. ವಾರಂಟಿಯೂ ನೆರವಿಗೆ ಬಾರದು, ಅದರಲ್ಲಿ ಸಿಗುವುದು ಬದಲಿ ಡಿಸ್ಕ್ ಮಾತ್ರ, ಮಾಹಿತಿ ಅಲ್ಲ.

ಆದ್ದರಿಂದ ಹೊಸದಾಗಿ ಪೆಟ್ಟಿಗೆ ಕೊಳ್ಳುವವರಿಗೆ ನನ್ನ ಲೆಕ್ಕ ಬೇರೆ. ಅದೇ 40,000 ರೂಪಾಯಿಯ ನಾಲ್ಕು ಡಿಸ್ಕ್‌ಗಳಲ್ಲಿ ಎರಡನ್ನು ಸರ್ವರ್‌ಗೆ ಹಾಕಿ, ಉಳಿದೆರಡರಲ್ಲಿ ನಕಲು ತೆಗೆದು ಬೇರೆ ಮನೆಯಲ್ಲಿಡಿ. ಜಾಗ 12ರಿಂದ 8 ಟಿಬಿಗೆ ಇಳಿಯುತ್ತದೆ, ಒಂದು ಡಿಸ್ಕ್ ಹೋದಾಗ ಒಂದು ದಿನ ಸರ್ವರ್ ನಿಲ್ಲುತ್ತದೆ, ನಿಜ. ಮನೆಯಿಂದಲೇ ವ್ಯಾಪಾರ ನಡೆಸುವವರಿಗೆ ಆ ಒಂದು ದಿನವೂ ಭಾರವಾದರೆ ಅವರು ಮಿರರ್ ಹಾಕಿಕೊಳ್ಳಲಿ, ಆದರೆ ನಕಲಿನ ಜೊತೆಗೆ. ಕ್ಲೌಡ್ ತಿಂಗಳ ಬಾಡಿಗೆ, ನಿಲ್ಲಿಸಿದ ದಿನ ರಕ್ಷಣೆಯೂ ನಿಲ್ಲುತ್ತದೆ. ಮತ್ತೆ ಸಿಗದಂಥ ಕಡತಗಳಿಗಷ್ಟೇ ಅದನ್ನು ಬಳಸಿದರೆ ಬಾಡಿಗೆ ಹಗುರ. ಬ್ಯಾಕಪ್ ಡಿಸ್ಕ್ ವೇಗದ್ದಾಗಬೇಕಿಲ್ಲ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಬರೆಯುವ ವೇಗ ತಗ್ಗಿಸುವ ಎಸ್‌ಎಂಆರ್ ತಂತ್ರ ಇತ್ತೆಂದು ಒಪ್ಪಿಕೊಂಡ ಮೇಲೆ ರೇಡ್ ಬಳಸುವವರು ಅಂಥ ಡಿಸ್ಕ್‌ಗೆ ಹೆದರುತ್ತಾರೆ, ರೀಬಿಲ್ಡ್‌ಗೆ ಅದು ಒಗ್ಗದು. ಆದರೆ ಒಮ್ಮೆ ಬರೆದು ಎತ್ತಿಡುವ ಬ್ಯಾಕಪ್‌ಗೆ ಅದೇ ಅಗ್ಗದ ಡಿಸ್ಕ್ ಧಾರಾಳ ಸಾಕು. ಡಿಸ್ಕ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟಿದ್ದರೆ ಅದನ್ನು ಮೊದಲು ಕೊಳ್ಳಿ, ಮನೆಗೆ ತಂದ ದಿನವೇ ನಕಲು ತೆಗೆಯಿರಿ, ಒಂದು ಫೋಲ್ಡರನ್ನಾದರೂ ಅದರಿಂದ ವಾಪಸ್ ಪಡೆದು ತೆರೆದು ನೋಡಿ.