ಎರಡು ಮಾತು, ಒಂದು ಸಿಳ್ಳು

ತಂಬೂರಿಯ ತಂತಿಗಳನ್ನು ಶ್ರುತಿಗೂಡಿಸುವುದನ್ನು ವಾಚಕರು ನೋಡಿರಬಹುದು. ಎರಡು ತಂತಿಗಳು ಹೆಚ್ಚುಕಡಮೆ ಒಂದೇ ಸ್ವರಕ್ಕೆ ಬಂದು, ಇನ್ನೂ ಪೂರ್ತಿಯಾಗಿ ಕೂಡದೆ ಇರುವಾಗ, ನಾದವು ಏರುತ್ತ ಇಳಿಯುತ್ತ ಅಲೆಯಲೆಯಾಗಿ ಕೇಳಿಬರುತ್ತದೆ. ಒಂದು ತಂತಿಯು ಸೆಕೆಂಡಿಗೆ 200 ಸಲವೂ ಇನ್ನೊಂದು 203 ಸಲವೂ ಕಂಪಿಸಿದರೆ, ನಾದವು ಸೆಕೆಂಡಿಗೆ 3 ಸಲ ಏರಿಳಿಯುವುದು. ಈ ಏರಿಳಿತಕ್ಕೆ ಭೌತಶಾಸ್ತ್ರದಲ್ಲಿ ಬೀಟ್ಸ್ ಎಂದು ಹೆಸರು. ಸಂಗೀತಗಾರನಿಗೆ ನೆರವಾಗುವ ಈ ನಿಯಮವೇ ಒಮ್ಮೆ ನೂರಾರು ಜನರ ಸಾವಿನಲ್ಲಿ ಪಾಲುಗೊಂಡಿತು.

ವಿಮಾನ ಚಾಲಕರೂ ನೆಲದ ಮೇಲಿನ ಸಂಚಾರ ನಿಯಂತ್ರಕರೂ ಮಾತನಾಡುವುದು ಸೆಕೆಂಡಿಗೆ ಸುಮಾರು 12 ಕೋಟಿ ಸಲ ಕಂಪಿಸುವ ರೇಡಿಯೋ ಅಲೆಗಳ ಮೂಲಕ. ಮಾತಿನ ಧ್ವನಿಗೆ ತಕ್ಕಂತೆ ಈ ವಾಹಕ ತರಂಗದ ಕಂಪನವಿಸ್ತಾರವು ಹೆಚ್ಚುಕಡಮೆಯಾಗುತ್ತದೆ. ಹಲವು ವಿಮಾನಗಳು ಒಂದೇ ಆವೃತ್ತಿಯನ್ನು ಹಂಚಿಕೊಳ್ಳುವುದರಿಂದ, ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಗುಂಡಿಯನ್ನೊತ್ತಿ ಮಾತನಾಡುತ್ತಿರುವವನಿಗೆ ಆ ಹೊತ್ತಿನಲ್ಲಿ ಬೇರೆಯವರ ಮಾತು ಕೇಳಿಸದು.

ಇಬ್ಬರು ಒಮ್ಮೆಲೇ ಮಾತನಾಡಿದರೆ ಏನಾಗುವುದು? ಎರಡು ಯಂತ್ರಗಳ ಆವೃತ್ತಿಗಳು ಕರಾರುವಾಕ್ಕಾಗಿ ಒಂದೇ ಆಗಿರುವುದು ಅಪರೂಪ. ಲಕ್ಷಕ್ಕೆ ಒಂದು ಪಾಲು ವ್ಯತ್ಯಾಸವಿದ್ದರೂ, 12 ಕೋಟಿಗೆ ಅದು 1,200 ಆಗುತ್ತದೆ. ಸೆಕೆಂಡಿಗೆ 1,200 ಕಂಪನಗಳೆಂದರೆ ನಮ್ಮ ಕಿವಿಗೆ ಚೆನ್ನಾಗಿ ಕೇಳಿಸುವ ಸ್ವರ. ಆದ್ದರಿಂದ ಮೂರನೆಯವನಿಗೆ ಮಾತುಗಳ ಬದಲು ಕರ್ಕಶವಾದ ಸಿಳ್ಳು ಕೇಳಿಸುತ್ತದೆ. ಮಾತನಾಡಿದ ಇಬ್ಬರಿಗೋ, ತಮ್ಮ ಮಾತು ಅಳಿಸಿಹೋಯಿತೆಂಬುದೇ ತಿಳಿಯದು.

1977ನೆಯ ಇಸವಿ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳಲ್ಲೊಂದಾದ ಟೆನೆರೀಫ್‌ನ ಲೋಸ್ ರೋಡಿಯೋಸ್ ನಿಲ್ದಾಣವನ್ನು ದಟ್ಟವಾದ ಮಂಜು ಕವಿದಿತ್ತು. ಕೆ.ಎಲ್.ಎಂ. ಸಂಸ್ಥೆಯ ಡಚ್ ವಿಮಾನವು ಓಡುದಾರಿಯ ತುದಿಯಲ್ಲಿ ನಿಂತಿತ್ತು. ಪ್ಯಾನ್ ಆಮ್ ಸಂಸ್ಥೆಯ ವಿಮಾನವು ಅದೇ ದಾರಿಯ ಮೇಲೆ ಇನ್ನೂ ಸಾಗಿಬರುತ್ತಿತ್ತು. ಹಾರಿದ ಮೇಲೆ ಹಿಡಿಯಬೇಕಾದ ಮಾರ್ಗವನ್ನಷ್ಟೇ ನಿಯಂತ್ರಕನು ತಿಳಿಸಿದನು. ಹಾರಲು ಅನುಮತಿಯನ್ನು ಕೊಟ್ಟಿರಲಿಲ್ಲ. ಆದರೂ ಡಚ್ ವಿಮಾನದ ನಾಯಕನು ಹೊರಟೇಬಿಟ್ಟನು. ಸಹಚಾಲಕನು ತಾವೀಗ ಟೇಕಾಫ್‌ನಲ್ಲಿದ್ದೇವೆ ಎಂಬರ್ಥದ ಮಾತನ್ನಾಡಿದನು. ಹೊರಡಲು ಸಿದ್ಧರಾಗಿದ್ದಾರೆಂದು ತಿಳಿದ ನಿಯಂತ್ರಕನು 'ಓಕೆ' ಎಂದು, ಕ್ಷಣ ತಡೆದು, ಕಾದಿರುವಂತೆ ಹೇಳಿದನು. ಅದೇ ವೇಳೆಗೆ ಪ್ಯಾನ್ ಆಮ್ ಚಾಲಕರೂ ತಾವಿನ್ನೂ ಓಡುದಾರಿಯಲ್ಲಿರುವುದಾಗಿ ತಿಳಿಸಿದರು. ಡಚ್ ವಿಮಾನದಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು 'ಓಕೆ' ಎಂಬ ಮಾತೊಂದೇ. ಅನಂತರ ಸುಮಾರು 4 ಸೆಕೆಂಡುಗಳ ಸಿಳ್ಳು. ಸುಮಾರು ಅರ್ಧ ನಿಮಿಷದಲ್ಲಿ ಎರಡು ವಿಮಾನಗಳೂ ಡಿಕ್ಕಿಹೊಡೆದು 583 ಜನರು ಮಡಿದರು.

ಅಲೆಗಳ ನಿಯಮವನ್ನು ನಾವು ಬದಲಿಸಲಾರೆವು. ಮಾತಿನ ನಿಯಮವನ್ನು ಬದಲಿಸಬಲ್ಲೆವು. ಈಗ 'ಟೇಕಾಫ್' ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಪಡಿಸುವಾಗ ಮಾತ್ರ ನಿಯಂತ್ರಕರು ಬಳಸುತ್ತಾರೆ. ಉಳಿದೆಡೆಗಳಲ್ಲಿ 'ಡಿಪಾರ್ಚರ್' ಎನ್ನುತ್ತಾರೆ. ಮುಖ್ಯವಾದ ಅಪ್ಪಣೆಗಳನ್ನು ಚಾಲಕನು ಮರಳಿ ನುಡಿಯಬೇಕು. ಅದು ಸರಿಯೇ ಎಂದು ನಿಯಂತ್ರಕನು ಕಿವಿಗೊಟ್ಟು ಕೇಳಬೇಕು. ಸಿಳ್ಳನ್ನು ಬರಿಯ ಗದ್ದಲವೆಂದು ಕಡೆಗಣಿಸಬಾರದು. ಯಾರದೋ ಎರಡು ಮಾತುಗಳು ಒಂದರಲ್ಲೊಂದು ಮುಳುಗಿಹೋದುವೆಂಬ ಸುದ್ದಿಯನ್ನು ಅದು ತರುತ್ತದೆ. ಅದನ್ನು ಕೇಳಿದವನು ಮೊದಲು ಮಾಡಬೇಕಾದ ಕೆಲಸವೆಂದರೆ, ಇನ್ನೊಮ್ಮೆ ಹೇಳಿರೆಂದು ಬೇಡುವುದು.