ಅರ್ಧಂಬರ್ಧ ಸ್ಪ್ಲೆಂಡರ್ ತಗೊಂಡು ಓಡೋ ಗಾಡಿ ಮಾಡೋದು ಹೇಗೆ?



ಡೇರಿಗೆ ಹಾಲು ಹಾಕೋಕೆ, ತೋಟಕ್ಕೆ ಗೊಬ್ಬರದ ಚೀಲ ಒಯ್ಯೋಕೆ, ಸಂತೆಗೆ ಸೊಪ್ಪು ಸಾಗಿಸೋಕೆ ಈಗ ಬೈಕ್ ಇಲ್ದೆ ಆಗಲ್ಲ. ಹೊಸದರ ಬೆಲೆ ಕೇಳಿದ್ರೆ ಒಂದು ಒಳ್ಳೆ ಹಸು ಕೊಳ್ಳೋ ದುಡ್ಡು. ಹಾಗಾಗಿ ಯಾರದೋ ಕೊಟ್ಟಿಗೆ ಮೂಲೆಯಲ್ಲಿ ಅರ್ಧ ಬಿಚ್ಚಿಟ್ಟ ಗಾಡಿ ಕಣ್ಣಿಗೆ ಬಿದ್ರೆ ಆಸೆ ಆಗೋದು ಸಹಜ. ಕಳೆದ ಬೇಸಿಗೆಯಲ್ಲಿ ಅರಸೀಕೆರೆ ಕಡೆ ಅಂಥದ್ದೇ ಒಂದು 2006ರ ಸ್ಪ್ಲೆಂಡರ್ ಪ್ಲಸ್ ತಗೊಂಡೆ. ಫ್ರೇಮು, ಎರಡು ಚಕ್ರ, ಟ್ಯಾಂಕು, ಇಂಜಿನ್ನಿನ ಕೆಳಭಾಗ ಇತ್ತು. ಬ್ಲಾಕು, ಪಿಸ್ಟನ್ನು, ಕಾರ್ಬೋರೇಟರ್ರು, ಸೈಲೆನ್ಸರ್ರು, ವೈರಿಂಗು, ಬ್ಯಾಟರಿ ಇರಲಿಲ್ಲ. ಈಗ ಅದು ದಿನಕ್ಕೆ ಎರಡು ಹೊತ್ತು ಹಾಲಿನ ಕ್ಯಾನ್ ಹೊರ್ತಿದೆ. ಅದನ್ನ ಹೇಗೆ ಮಾಡಿದೆ, ಯಾವ ಲೆಕ್ಕದ ಮೇಲೆ ಕೊಂಡೆ ಅನ್ನೋದನ್ನ ಈ ವಾರ ಬರೀತಿದ್ದೀನಿ.

ಮೊದಲು ಆರ್‌ಸಿ, ಆಮೇಲೆ ಸ್ಪ್ಯಾನರ್

ಗಾಡಿಯಲ್ಲಿ ಯಾವ ಭಾಗ ಇಲ್ಲದಿದ್ರೂ ಅಂಗಡಿಯಲ್ಲಿ ಸಿಗುತ್ತೆ. ಆರ್‌ಸಿ ಮಾತ್ರ ಯಾವ ಗುಜರಿಯಲ್ಲೂ ಸಿಗಲ್ಲ. ಹ್ಯಾಂಡಲ್ ಕತ್ತಿನ ಹತ್ರ ಫ್ರೇಮ್ ಮೇಲೆ ಚಾಸಿ ನಂಬರ್, ಇಂಜಿನ್ ಕೆಳಭಾಗದ ಕೇಸ್ ಮೇಲೆ ಇಂಜಿನ್ ನಂಬರ್ ಕೊರೆದಿರುತ್ತೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಫೋನಲ್ಲಿ ಫೋಟೋ ತೆಗೆದು, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಉಜ್ಜಿದ, ಮತ್ತೆ ಕೊರೆದ ಗುರುತು ಕಂಡ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದ್ರೆ ನೋಂದಣಿ ಯಾವಾಗ ಮುಗೀತು, ಇನ್ಶೂರೆನ್ಸ್ ಇದೆಯಾ ಅನ್ನೋದು ಗೊತ್ತಾಗುತ್ತೆ. ಕದ್ದ ಮಾಲು ಕೊಳ್ಳೋದೂ ಅಪರಾಧವೇ. 'ನಂಗೆ ಗೊತ್ತಿರ್ಲಿಲ್ಲ ಸಾರ್' ಅಂದ್ರೂ ಠಾಣೆಗೆ ಅಲೆಯೋದು ತಪ್ಪಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಬ್ಲಾಕ್, ಹೆಡ್, ಪಿಸ್ಟನ್ ಬದಲಿಸಿದ್ರೆ ಇಂಜಿನ್ ನಂಬರ್ ಬದಲಾಗಲ್ಲ. ನಂಬರ್ ಇರೋ ಕೆಳಗಿನ ಕೇಸೇ ಇಲ್ಲದಿದ್ರೆ, ಬೇರೆ ಗಾಡಿದು ತಂದು ಹಾಕಿದ್ರೆ, ಅದು ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಕೆಳಗೆ ಆರ್‌ಟಿಒ ಅನುಮತಿ ಬೇಕಾಗೋ ವಿಷಯ. ಅದಕ್ಕೇ ನಾನು ಮೇಲ್ಭಾಗ ಇಲ್ಲದ ಇಂಜಿನ್ ಒಪ್ತೀನಿ, ಕೇಸ್ ಇಲ್ಲದ ಗಾಡಿ ಮುಟ್ಟಲ್ಲ.

ಮಾರೋರ ಹೆಸರಲ್ಲೇ ಆರ್‌ಸಿ ಇದ್ರೆ ಫಾರಂ 29 ಮತ್ತು 30. ನಮ್ಮ ಹಳ್ಳಿಗಳಲ್ಲಿ ಬಹಳ ಸಲ ಗಾಡಿ ತೀರಿಹೋದ ಅಪ್ಪನ ಹೆಸರಲ್ಲೇ ಉಳಿದಿರುತ್ತೆ. ಆಗ ವಾರಸುದಾರರು ಮೊದಲು ಫಾರಂ 31 ಹಾಕಿ ತಮ್ಮ ಹೆಸರಿಗೆ ಮಾಡಿಸ್ಕೋಬೇಕು. ಆರ್‌ಸಿಯಲ್ಲಿ ಸಾಲದ ನಮೂದು ಇದ್ರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಇವೆಲ್ಲ ಮಾಡಿಕೊಡೋಕೆ ಮಾರೋರು ಸಿದ್ಧ ಇದ್ರೆ ಮಾತ್ರ ರೇಟಿನ ಮಾತು.

ರೇಟು ಕಟ್ಟೋ ಲೆಕ್ಕ

ನಾನು ಮೊದಲು ವಿಚಾರಿಸಿದ್ದು, ಅದೇ ವರ್ಷದ ಓಡೋ ಸ್ಪ್ಲೆಂಡರ್ ನಮ್ಮ ಸುತ್ತಮುತ್ತ ಎಷ್ಟಕ್ಕೆ ಹೋಗ್ತಿದೆ ಅಂತ. 25,000ದ ಆಸುಪಾಸು ಇತ್ತು. ಆಮೇಲೆ ಇಲ್ಲದ ಭಾಗಗಳನ್ನೆಲ್ಲ ಪಟ್ಟಿ ಮಾಡಿ, ಸ್ಪೇರ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸಿ ರೇಟ್ ಬರೆಸ್ಕೊಂಡೆ. ಭಾಗಗಳಿಗೆ ಸುಮಾರು 12,000, ಕಾಗದಪತ್ರ ಮತ್ತು ಇನ್ಶೂರೆನ್ಸಿಗೆ 3,500. ಎರಡನ್ನೂ 25,000ದಲ್ಲಿ ಕಳೆದ್ರೆ ಉಳಿಯೋದು 9,500. ಅದರಲ್ಲಿ ನನ್ನ ಹದಿನೈದು ದಿನದ ಸಂಜೆಯ ಕೂಲಿ, ಒಳಗೆ ಕಾಣದೇ ಇರೋ ರಿಪೇರಿ ಎರಡೂ ಸೇರಬೇಕು.

'ಒಂಬತ್ತು ಸಾವಿರ ಕೊಟ್ಟು ತಗೊಂಡೋಗಪ್ಪ' ಅಂದ್ರು ಯಜಮಾನ್ರು. 'ಗೌಡ್ರೇ, ಪಟ್ಟಿ ನೋಡಿ' ಅಂತ ಫೋನ್ ಕೈಗೆ ಕೊಟ್ಟೆ. ಚೌಕಾಸಿ ಜಾಸ್ತಿ ಬೇಕಾಗ್ಲಿಲ್ಲ, 5,500ಕ್ಕೆ ಮುಗೀತು. ಹೊಳೆಯೋ ಟ್ಯಾಂಕ್ ನೋಡಿ ಬೆಲೆ ಹೇಳೋರ ಮುಂದೆ, ಏನೇನಿಲ್ಲ ಅನ್ನೋ ಪಟ್ಟಿ ಬಹಳ ಕೆಲಸ ಮಾಡುತ್ತೆ.

ಸ್ಪ್ಲೆಂಡರೇ ಯಾಕೆ?

ಹೀರೋ ಹೋಂಡಾ ಸಿಡಿ 100 ಬಂದಿದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ. ಆಮೇಲೆ ಬಂದ ಪ್ಯಾಷನ್, ಸಿಡಿ ಡಿಲಕ್ಸ್ ಎಲ್ಲ ಅದೇ 97.2 ಸಿಸಿ ಇಂಜಿನ್ನಿನ ಸಂಸಾರ. ಹಾಗಾಗಿ ಹೋಬಳಿ ಮಟ್ಟದ ಅಂಗಡಿಯಲ್ಲೂ ಭಾಗ ಸಿಗುತ್ತೆ. 2011ರಲ್ಲಿ ಕಂಪನಿ ಹೆಸರು ಹೀರೋ ಮೋಟೊಕಾರ್ಪ್ ಆಯ್ತು. ಡಬ್ಬದ ಮೇಲೆ ಹೋಂಡಾ ಹೆಸರಿಲ್ಲ ಅಂತ ಡೂಪ್ಲಿಕೇಟ್ ಅಂದ್ಕೋಬೇಡಿ. ಅಪರೂಪದ ಮಾಡೆಲ್ ಕಡಿಮೆಗೆ ಸಿಕ್ಕಿದ್ರೂ ಬೇಡ, ಒಂದು ಕೇಬಲ್ಲಿಗೆ ಮೂರು ಜಿಲ್ಲೆ ಸುತ್ತಬೇಕಾಗುತ್ತೆ.

ಒಂದೇ ಸಂಸಾರ ಅಂದ್ರೂ ಎಲ್ಲ ಭಾಗ ಎಲ್ಲದಕ್ಕೂ ಕೂರಲ್ಲ. ಸಿಡಿಐ ನೋಡೋಕೆ ಒಂದೇ ಥರ ಇದ್ರೂ ಕಪ್ಲರ್ ಪಿನ್ ಬೇರೆ ಇರ್ತವೆ. ಮ್ಯಾಗ್ನೆಟ್ ಕಾಯಿಲ್, ಸಿಡಿಐ, ವೈರಿಂಗ್ ಮೂರೂ ಒಂದೇ ಮಾಡೆಲ್ಲಿಗೆ ಹೊಂದೋದನ್ನೇ ತಗೊಳ್ಳಿ. ಸ್ಪ್ರಾಕೆಟ್ ಕೊಳ್ಳೋ ಮುಂಚೆ ಹಳೇದರ ಹಲ್ಲು ಎಣಿಸಿ.

ಗುಜರಿಯಲ್ಲಿ ಏನು, ಹೊಸದು ಏನು?

ಸೈಲೆನ್ಸರ್, ಸೈಡ್ ಪ್ಯಾನೆಲ್, ಸ್ಟ್ಯಾಂಡು, ಕ್ಯಾರಿಯರ್ ಇವೆಲ್ಲ ಗುಜರಿಯಲ್ಲಿ ಧಾರಾಳವಾಗಿ ತಗೋಬಹುದು. ಬೆಂಗಳೂರಿಗೆ ಹೋಗೋ ಕೆಲಸ ಇದ್ರೆ ಹಳೇದಕ್ಕೆ ಶಿವಾಜಿನಗರ, ಹೊಸ ಸ್ಪೇರ್ಸಿಗೆ ಜೆ.ಸಿ. ರಸ್ತೆ. ಬರೀ ಇದಕ್ಕೇ ಬಸ್ ಚಾರ್ಜ್ ಹಾಕಿ ಹೋದ್ರೆ ಉಳಿಸಿದ್ದು ಅಲ್ಲಿಗಲ್ಲಿಗೆ. ಕಾರ್ಬೋರೇಟರ್ ನಾನು ಹಳೇದೇ ತಗೊಂಡೆ. ಒಳಗಿನ ಸ್ಲೈಡ್ ಬೆರಳಲ್ಲಿ ಅಲ್ಲಾಡಿಸಿ ನೋಡಿ, ಲಡಲಡ ಅಂದ್ರೆ ಬಿಟ್ಟುಬಿಡಿ, ಐಡಲ್ ನಿಲ್ಲಲ್ಲ. ಚಿಕ್ಕದಾದ್ರೂ ಒಂದು ಚೀಟಿ ಬರೆಸ್ಕೊಳ್ಳಿ, ನಾಳೆ ಯಾರಾದ್ರೂ ಕೇಳಿದ್ರೆ ತೋರಿಸೋಕೆ.

ಬ್ರೇಕ್ ಶೂ, ಕೇಬಲ್, ಟೈರು, ಚೈನು, ಬೇರಿಂಗು, ಪ್ಯಾಕಿಂಗು ಇವಿಷ್ಟೂ ಹೊಸದೇ ಆಗಬೇಕು. ಕ್ಯಾನ್ ಕಟ್ಕೊಂಡು ಇಳಿಜಾರಲ್ಲಿ ಬರುವಾಗ ಹಳೇ ಬ್ರೇಕ್ ಶೂನಲ್ಲಿ ಉಳಿಸಿದ ದುಡ್ಡು ನೆನಪಿಗೆ ಬರಲ್ಲ.

ಇಂಜಿನ್ ಜೋಡಿಸುವಾಗ

ಹೊಸ ಬ್ಲಾಕ್ ಪಿಸ್ಟನ್ ತರೋ ಮುಂಚೆ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಟಕ್ ಅಂತ ಆಟ ಸಿಕ್ಕಿದ್ರೆ ಕ್ರ್ಯಾಂಕ್ ಕೆಲಸ ಇದೆ ಅಂತ ಅರ್ಥ. ಅದು ಲೇತಿನವರ ಕೆಲಸ, ಲೆಕ್ಕವೇ ಬದಲಾಗುತ್ತೆ. ನನ್ನದರಲ್ಲಿ ಅಕ್ಕಪಕ್ಕ ಸ್ವಲ್ಪ ಜರುಗ್ತಿತ್ತು, ಅದು ಇರಬೇಕಾದ್ದೇ.

ಈ ಇಂಜಿನ್ನಿನ ಬೋರ್ 50 ಮಿ.ಮೀ. ನಿಮ್ಮ ಹತ್ರ ಹಳೇ ಬ್ಲಾಕ್ ಇದ್ದು ಬೋರ್ ಮಾಡಿಸೋದಾದ್ರೆ 0.25, 0.50 ಹೀಗೆ ದೊಡ್ಡ ಅಳತೆಯ ಪಿಸ್ಟನ್ ಸಿಗ್ತವೆ. ಪಿಸ್ಟನ್ ಮೊದಲು ಕೊಂಡು, ಅದನ್ನ ಲೇತಿನವರ ಕೈಗೇ ಕೊಟ್ಟು, ಅದಕ್ಕೆ ಸರಿಯಾಗಿ ಬೋರ್ ಮಾಡಿಸಿ. ಪಿಸ್ಟನ್ ತಲೆ ಮೇಲಿನ 'ಐಎನ್' ಗುರುತು ಕಾರ್ಬೋರೇಟರ್ ಕಡೆಗೆ ಬರಬೇಕು, ರಿಂಗಿನ ಅಕ್ಷರ ಇರೋ ಮುಖ ಮೇಲಕ್ಕೆ. ಪಿನ್ ಲಾಕ್ ಹಾಕುವಾಗ ಕೇಸಿನ ಬಾಯಿಗೆ ಬಟ್ಟೆ ತುರುಕಿ. ಆ ಪುಟ್ಟ ಲಾಕ್ ಒಳಗೆ ಬಿದ್ರೆ ಇಡೀ ಇಂಜಿನ್ ಬಿಚ್ಚಬೇಕು.

ಟೈಮಿಂಗ್ ಚೈನ್ ಕೂರಿಸುವಾಗ ಮ್ಯಾಗ್ನೆಟ್ ಮೇಲಿನ 'ಟಿ' ಗೆರೆ ಕೇಸಿನ ಗುರುತಿಗೆ, ಕ್ಯಾಮ್ ಸ್ಪ್ರಾಕೆಟ್ ಮೇಲಿನ ಸೊನ್ನೆ ಹೆಡ್ಡಿನ ಗುರುತಿಗೆ ಸರಿಯಾಗಿ ಬರಬೇಕು. ಕಿಕ್ ಹೊಡೆಯೋ ಮುಂಚೆ ಇಂಜಿನ್ನನ್ನ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದ್ರೂ ತಡೆದ್ರೆ ಬಲ ಹಾಕಬೇಡಿ, ಗುರುತು ಮತ್ತೆ ನೋಡಿ. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದಿಟ್ಟಿದ್ರೆ ಈಗ ಅದೇ ನಿಮಗೆ ಪಾಠ.

ಆಯಿಲ್ ಬೈಕಿಂದೇ ಹಾಕಿ, ಡಬ್ಬದ ಮೇಲೆ ಜಾಸೋ ಎಂಎ ಅಂತ ಇರಬೇಕು. ಕ್ಲಚ್ ಪ್ಲೇಟ್ ಅದೇ ಎಣ್ಣೆಯಲ್ಲಿ ಮುಳುಗಿರೋದ್ರಿಂದ, ಟ್ರ್ಯಾಕ್ಟರಿಗೆ ತಂದು ಮಿಕ್ಕಿದ್ದು ಸುರಿದ್ರೆ ಕ್ಲಚ್ ಜಾರೋಕೆ ಶುರುವಾಗಬಹುದು.

ಕೊನೆಗೆ ಖರ್ಚು ಹೀಗಾಯ್ತು: ಗಾಡಿ 5,500, ಇಂಜಿನ್ ಮತ್ತು ಕಾರ್ಬೋರೇಟರ್ 4,320, ವೈರಿಂಗು ಬ್ಯಾಟರಿ 1,750, ಚೈನು ಟೈರು ಬ್ರೇಕು ಕೋನ್ ಸೆಟ್ 3,550, ಸೈಲೆನ್ಸರ್ ಆಯಿಲ್ ಲೇತು ಬಣ್ಣ 2,350. ಒಟ್ಟು 17,470. ಕಾಗದದ 3,500 ಸೇರಿಸಿದ್ರೆ ಸುಮಾರು 21,000. ಅಂದ್ರೆ ಉಳಿದದ್ದು ನಾಲ್ಕು ಸಾವಿರ, ಅದೂ ನನ್ನ ಕೂಲಿ ಹಿಡಿಯದೆ. ಕೆಲಸ ಕಲಿಯೋ ಆಸೆ ಇದ್ರೆ ಮಾತ್ರ ಇದಕ್ಕೆ ಕೈ ಹಾಕಿ. ಬರೀ ಬೈಕ್ ಬೇಕು ಅನ್ನೋರಿಗೆ ಓಡೋ ಗಾಡಿಯೇ ವಾಸಿ. ನನಗೆ ಒಳಗೆ ಏನೇನು ಹೊಸದಿದೆ ಅನ್ನೋದು ಗೊತ್ತಿದೆ, ಆ ಧೈರ್ಯಕ್ಕೂ ಒಂದು ಬೆಲೆ ಇದೆ.

ರಸ್ತೆಗೆ ಇಳಿಸೋ ಮುಂಚೆ

ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಫಾರಂ 25 ಹಾಕಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಹಸಿರು ತೆರಿಗೆಯೂ ಕಟ್ಟಬೇಕು. ಇನ್‌ಸ್ಪೆಕ್ಷನ್ನಿಗೆ ಗಾಡಿ ತೋರಿಸಬೇಕಾಗುತ್ತೆ. ಹೆಡ್‌ಲೈಟು, ಇಂಡಿಕೇಟರು, ಹಾರ್ನು, ಬ್ರೇಕ್ ಲೈಟು ಕೆಲಸ ಮಾಡ್ಬೇಕು. ಹೊಗೆ ತಪಾಸಣೆ, ಇನ್ಶೂರೆನ್ಸ್ ಎರಡೂ ಇರಬೇಕು. ಅಲ್ಲೀವರೆಗೂ ಟ್ರಯಲ್ ನಿಮ್ಮ ಹೊಲದ ಬದಿಯಲ್ಲೇ ಇರಲಿ. ಆರ್‌ಟಿಒಗೂ ನಾನು ಟಾಟಾ ಏಸ್‌ನಲ್ಲೇ ಹೇರ್ಕೊಂಡು ಹೋಗಿದ್ದು.

ಮೊದಲ 500 ಕಿ.ಮೀ. ನಿಧಾನಕ್ಕೆ ಓಡಿಸಿ. ಒಂದೇ ವೇಗದಲ್ಲಿ ಬಹಳ ಹೊತ್ತು ಬೇಡ, ಹಿಂದೆ ಭಾರವೂ ಬೇಡ. ಅದು ಮುಗಿದ ಮೇಲೆ ಆಯಿಲ್ ಇಳಿಸಿ, ಬಿಳಿ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಮಿಂಚು ಕಂಡ್ರೆ ಹೆದರಬೇಡಿ, ಹೊಸ ರಿಂಗ್ ಕೂರುವಾಗ ಅಷ್ಟು ಬರುತ್ತೆ. ಚೂರು ಚೂರು ಲೋಹ ಕಂಡ್ರೆ ಮಾತ್ರ ಓಡಿಸೋದು ನಿಲ್ಲಿಸಿ ಮೆಕ್ಯಾನಿಕ್ ಅಣ್ಣಂಗೆ ತೋರಿಸಿ. ಎಲ್ಲ ಸರಿ ಇದ್ರೆ ಹೊಸ ಆಯಿಲ್ ಹಾಕಿ, ಟ್ಯಾಪೆಟ್ ಚೆಕ್ ಮಾಡಿಸಿ, ಚೈನ್ ಬಿಗಿ ನೋಡಿ. ಆಮೇಲೆ ಕ್ಯಾನ್ ಕಟ್ಟಬಹುದು.