ಶನಿವಾರ ಬರುವ ತಂಡದ ಮುಂದಾಳಿಗೆ

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯದ ಕಂಪನಿಗಳಲ್ಲಿ ಮೊದಲ ಸಲ ಸ್ವಯಂಸೇವೆಗೆ ಹೆಸರು ಕೊಟ್ಟು, ಒಂದೆರಡು ತಿಂಗಳಲ್ಲೇ ‘ಇನ್ನು ನೀವೇ ಲೀಡ್ ಮಾಡಿ’ ಎನ್ನಿಸಿಕೊಂಡಿರುವ ಮಕ್ಕಳಿಗೆ ಈ ಮಾತು. ನಾನು ಆನೇಕಲ್ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ನಿಮ್ಮಂಥ ತಂಡಗಳನ್ನು ಗೇಟಿನ ಬಳಿ ನಿಂತು ಬರಮಾಡಿಕೊಂಡವಳು. ನಾಯಕತ್ವದ ತರಬೇತಿ ನಿಮಗೆ ಕಂಪನಿಯಲ್ಲೇ ಸಿಕ್ಕಿರುತ್ತದೆ. ಗೇಟಿನ ಒಳಗಿರುವವರಿಗೆ ಅದು ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ಅಲ್ಲಿ ಯಾರೂ ಹೇಳಿರುವುದಿಲ್ಲ.

ಮೊದಲು ವೇಳೆಯ ವಿಚಾರ. ಶನಿವಾರ ನಮ್ಮದು ಬೆಳಗಿನ ಶಾಲೆ. ನೀವು ತಿಂಡಿ ಮುಗಿಸಿ, ಸಿಲ್ಕ್ ಬೋರ್ಡ್ ದಾಟಿ, ಹನ್ನೊಂದಕ್ಕೆ ಬಂದಿಳಿಯುವ ಹೊತ್ತಿಗೆ ಮಕ್ಕಳು ಮನೆಗೆ ಹೋಗುವ ಗಂಟೆಗಾಗಿ ಕಾಯುತ್ತಿರುತ್ತಾರೆ. ಬಂದವರ ಮನಸ್ಸು ನೋಯಬಾರದೆಂದು ಮೇಷ್ಟ್ರು ಅವರನ್ನು ಇನ್ನೊಂದು ಗಂಟೆ ಕೂರಿಸುತ್ತಾರೆ. ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಬೇಕಾದ ಏಳನೇ ಕ್ಲಾಸಿನ ಹುಡುಗಿ ಬಾಗಿಲ ಕಡೆಗೇ ಕಣ್ಣಿಟ್ಟು ಕೂತಿರುತ್ತಾಳೆ. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’; ಆಟ, ಚಟುವಟಿಕೆಗೆಂದೇ ಇಟ್ಟ ದಿನ. ಅದನ್ನು ತಿಳಿದುಕೊಂಡು ಎಂಟು ಗಂಟೆಗೆ ಬಂದ ತಂಡಕ್ಕೂ, ಇದ್ಯಾವುದೂ ಗೊತ್ತಿಲ್ಲದೆ ಬಂದ ತಂಡಕ್ಕೂ ಅಜಗಜಾಂತರ.

ವರ್ಷದ ಲೆಕ್ಕದಲ್ಲೂ ಇದೇ ತೊಡಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದು 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ, ಫೆಬ್ರವರಿ ಕಳೆಯುತ್ತಿದ್ದಂತೆ ಶಾಲೆಗಳ ಮುಂದೆ ಬ್ಯಾಗು, ಬೆಂಚು, ಬಣ್ಣದ ಡಬ್ಬ ಹೊತ್ತ ಟೆಂಪೊಗಳು ಬಂದು ನಿಲ್ಲುತ್ತವೆ. ಮಾರ್ಚ್ 31 ನಿಮಗೆ ಲೆಕ್ಕ ಮುಗಿಸುವ ದಿನ, ನಮಗೆ ಪರೀಕ್ಷೆಯ ಕಾಲ. 2021ರಲ್ಲಿ ಜಾರಿಯಾದ ತಿದ್ದುಪಡಿಯಲ್ಲಿ ಇದಕ್ಕೊಂದು ದಾರಿಯಿದೆ. ಒಂದು ವರ್ಷ ಮೀರಿ ನಡೆಯುವ ಯೋಜನೆಯಾದರೆ, ಉಳಿದ ಹಣವನ್ನು 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ, 3 ಹಣಕಾಸು ವರ್ಷಗಳೊಳಗೆ ಖರ್ಚು ಮಾಡಬಹುದು. ನಿಮ್ಮ ಮೇಲಿನವರ ಮುಂದೆ ಈ ಮಾತನ್ನು ಧೈರ್ಯವಾಗಿ ಎತ್ತಿ. ಶಾಲೆಯ ಪರವಾಗಿ ಕಂಪನಿಗೆ ಹೇಳುವವರು ನಿಮ್ಮನ್ನು ಬಿಟ್ಟರೆ ನಮಗೆ ಬೇರೆ ಯಾರಿದ್ದಾರೆ?

ನಾನು ಬಿಇಒ ಕಚೇರಿಯ ಸಭೆಗೆ ಹೋಗಿದ್ದ ಒಂದು ದಿನ ತಂಡವೊಂದು ಬಂದು ನಲಿ-ಕಲಿ ಕೋಣೆಗೆ ಬಣ್ಣ ಬಳಿಯಿತು. ಆ ಕೋಣೆಯ ಗೋಡೆಗೆ ಕೆಳಗಡೆ, ಪುಟ್ಟ ಮಕ್ಕಳ ಕೈಗೆಟಕುವ ಎತ್ತರದಲ್ಲಿ, ಸುತ್ತಲೂ ಕಪ್ಪು ಪಟ್ಟಿ ಇರುತ್ತದೆ. ಅದರಲ್ಲಿ ಒಂದೊಂದು ಮಗುವಿಗೂ ಅಂಗೈಯಗಲದ ಸ್ವಂತ ಜಾಗ. ಆ ಪಟ್ಟಿಯ ಮೇಲೆ ಆನೆ, ಜಿರಾಫೆ, ಕಾಮನಬಿಲ್ಲು ಬಂದವು. ಕ್ಲಾಸಿನ ಟೀಚರ್ ಸಂಕೋಚದಲ್ಲಿ ‘ಚೆನ್ನಾಗಿದೆ ಸರ್’ ಎಂದರಂತೆ. ಸೋಮವಾರ ಒಬ್ಬ ಹುಡುಗ ತನ್ನ ಜಾಗ ಹುಡುಕಿಕೊಂಡು ಹೋಗಿ ಆನೆಯ ಕಾಲಿನ ಮೇಲೆ ‘ರ’ ತಿದ್ದಲು ನೋಡಿದ. ಎಣ್ಣೆ ಬಣ್ಣ, ಸೀಮೆಸುಣ್ಣ ಜಾರಿತು. ಅಂಗಿಯ ತುದಿಯಿಂದ ಗೋಡೆ ಒರೆಸಿ ಮತ್ತೆ ಎಳೆದ, ಮತ್ತೆ ಜಾರಿತು. ಬಣ್ಣ ಬಳಿದವರು ಒಳ್ಳೆಯ ಹುಡುಗರೇ, ಬೆವರು ಸುರಿಸಿ ದುಡಿದಿದ್ದರು. ಆದರೆ ‘ಈ ಕಪ್ಪು ಪಟ್ಟಿ ಯಾಕಿದೆ ಮಿಸ್?’ ಎಂದು ಕೇಳುವುದು ಅವರಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ಹಾಗೆ ಕೇಳುವುದು ಮುಂದಾಳಿನ ಕೆಲಸ. ಸರ್ಕಾರಿ ಶಾಲೆಯ ಶಿಕ್ಷಕರು ಬಂದವರಿಗೆ ‘ಬೇಡ’ ಎನ್ನಲು ಹಿಂಜರಿಯುತ್ತಾರೆ. ಅವರು ‘ಆಗಲಿ’ ಎಂದಾಗ ಒಂದು ಕ್ಷಣ ತಡೆದು, ಇನ್ನೊಂದು ಸಲ ಕೇಳಿ.

ನಲಿ-ಕಲಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಈ ಪದ್ಧತಿ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ನೆರವಿತ್ತು, ಆಂಧ್ರದ ಋಷಿವ್ಯಾಲಿಯ ಪ್ರಯೋಗ ಕಣ್ಣೆದುರಿಗಿತ್ತು. ಕೂತು ಕಟ್ಟಿದವರು ನಮ್ಮ ಶಿಕ್ಷಕರೇ. ಅದರಲ್ಲಿ ಮಗು ಮೊದಲು ಪೂರ್ತಿ ಟೀಚರ್ ನೆರವಿನ ಗುಂಪಿನಲ್ಲಿ ಕೂರುತ್ತದೆ. ಆಮೇಲೆ ಅರ್ಧ ನೆರವು. ನಂತರ ಗೆಳೆಯರ ನೆರವು, ಅದೂ ಕಡಿಮೆಯಾಗುತ್ತಾ ಬಂದು ಕೊನೆಗೆ ತಾನೇ ಕಲಿಯುವ ಗುಂಪು. ಟೀಚರ್ ತನ್ನ ಕೈಯನ್ನು ಹಂತಹಂತವಾಗಿ ಹಿಂದಕ್ಕೆಳೆದುಕೊಳ್ಳುತ್ತಾಳೆ. ನನ್ನನ್ನು ಕೇಳಿದರೆ, ಸೇವೆಯ ತಂಡ ನಡೆಸುವವರಿಗೂ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ಹೊಸದಾಗಿ ಬಂದವಳನ್ನು ಮೊದಲ ವಾರಗಳಲ್ಲಿ ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಆಮೇಲೆ ಅವಳು ಕಥೆ ಓದಲಿ, ನೀವು ಹಿಂದೆ ಕೂತು ಚಾಪೆ ಮಡಿಸಿ. ಅನಂತರ ಇನ್ನೊಬ್ಬ ಜತೆಗಾರನೊಂದಿಗೆ ಬಿಡಿ. ಒಂದು ಶನಿವಾರ ಬೇಕೆಂದೇ ನೀವು ಹೋಗಬೇಡಿ. ಆ ದಿನ ಕ್ಲಾಸು ನಡೆದಿದ್ದರೆ ನಿಮ್ಮ ಮುಂದಾಳ್ತನ ಫಲ ಕೊಟ್ಟಿದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿಮ್ಮ ಕಡೆ ಪೇಪರ್ ಹಾಕಿ ಬೇರೆ ಕಂಪನಿಗೆ ಹೋಗುವುದು ಮಾಮೂಲು. ಹೋದವರ ಜತೆ ಎಲ್ಲವೂ ಹೋಗುತ್ತದೆ. ಯಾವ ಮಗು ಒತ್ತಕ್ಷರದಲ್ಲಿ ನಿಂತಿದೆ, ಯಾವುದು ಕಳೆಯುವ ಲೆಕ್ಕದಲ್ಲಿ ದಶಕ ಮರೆಯುತ್ತದೆ, ಎಲ್ಲ. ಮುಂದಿನ ವಾರ ಮಕ್ಕಳು ‘ಆ ಅಕ್ಕ ಯಾಕೆ ಬರ್ಲಿಲ್ಲ?’ ಎಂದು ಕೇಳಿದರೆ ನಾವು ಏನು ಹೇಳಬೇಕು? ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇಡ, ಶಾಲೆಯ ಬೀರುವಿನಲ್ಲಿರಲಿ. ಪ್ರತಿ ವಾರ ನಾಲ್ಕು ಸಾಲು, ಕನ್ನಡದಲ್ಲಿ. ಕ್ಲಾಸ್ ಟೀಚರೂ ಅದನ್ನು ಓದುತ್ತಾರೆ, ತಮ್ಮದನ್ನೂ ಸೇರಿಸುತ್ತಾರೆ.

ತಂಡದವರ ಬಗ್ಗೆ ಒಂದೇ ಮಾತು. ಇಲ್ಲಿ ಸಂಬಳವೂ ಇಲ್ಲ, ಅಪ್ರೈಸಲ್ಲೂ ಇಲ್ಲ. ಎರಡು ವಾರ ಬಾರದವನನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೆದುರು ಕೇಳಬೇಡಿ. ಫೋನ್ ಮಾಡಿ, ಹೇಗಿದ್ದೀಯಪ್ಪಾ ಎಂದು ವಿಚಾರಿಸಿ.

ಪೋಷಕರನ್ನು ಕಾಣದೆ ಶಾಲೆಯ ಕೆಲಸ ಮಾಡಲು ಹೋಗಬೇಡಿ. 2001ರಿಂದ ನಮ್ಮ ಶಾಲೆಗಳಿಗೆ ಎಸ್‌ಡಿಎಂಸಿ ಇದೆ, ಪೋಷಕರದೇ ಸಮಿತಿ. ಅದರಲ್ಲಿರುವ ತಾಯಿ ನಿಮ್ಮದೇ ಕ್ಯಾಂಪಸ್ಸಿನಲ್ಲಿ ಹೌಸ್‌ಕೀಪಿಂಗ್ ಮಾಡುವವರಾಗಿರಬಹುದು. ಆಫೀಸಿನ ಕಾರಿಡಾರಿನಲ್ಲಿ ನೀವು ಮಾತನಾಡಿಸದೆ ದಾಟಿಹೋದವರ ಎದುರು ಇಲ್ಲಿ ಕೂತು, ‘ಅಮ್ಮಾ, ನಿಮ್ಮ ಶಾಲೆಗೆ ಏನು ಬೇಕು?’ ಎಂದು ಕೇಳಬೇಕು. ಮನಸ್ಸಿಟ್ಟು ಕೇಳಿ, ಸೋಮವಾರ ಆಫೀಸಿನಲ್ಲೂ ನಮಸ್ಕಾರ ಹೇಳಿ. ಪೀಣ್ಯದ ಕಡೆ ಸಭೆಯನ್ನು ಬೆಳಿಗ್ಗೆ ಹತ್ತಕ್ಕೆ ಕರೆದರೆ ಯಾರು ಬಂದಾರು? ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಅರ್ಧ ದಿನ ಬಿಟ್ಟರೆ ಸಂಬಳ ಕಟ್. ಶಿಫ್ಟ್ ಬಿಟ್ಟ ಮೇಲೆ ಇಡಿ, ಇಲ್ಲವೇ ಭಾನುವಾರ.

ಶಾಲೆ ಬಿಟ್ಟು ಕೆರೆ, ಕಸ, ಮರ ಎಂದು ಹೊರಟವರು ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಒಮ್ಮೆ ಹೋಗಿಬನ್ನಿ. ಸುಮಾರು 48 ಎಕರೆ. ಹೂಳು, ಕೊಳಚೆ ತುಂಬಿದ್ದ ಆ ಕೆರೆಗೆ 2009ರ ನಂತರ ಮತ್ತೆ ಜೀವ ಬಂತು. ಹಣ ಹಾಕಿ ಕೆಲಸ ಮಾಡಿಸಿದ್ದು ಪಾಲಿಕೆ. ಸುತ್ತಲಿನ ನಿವಾಸಿಗಳು ಅದರ ಬೆನ್ನಿಗೆ ನಿಂತರು. ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಎಂಬ ಟ್ರಸ್ಟ್ ಕಟ್ಟಿಕೊಂಡು, ಉದ್ಘಾಟನೆ ಆದಮೇಲೂ ವರ್ಷಗಟ್ಟಲೆ ನೋಡಿಕೊಂಡರು. ನನಗೆ ದೊಡ್ಡದಾಗಿ ಕಾಣುವುದು ಈ ‘ಆದಮೇಲೆ’. ಕಾವಲಿನವರ ಸಂಬಳ, ಮಳೆಗಾಲದಲ್ಲಿ ರಾಜಕಾಲುವೆಯಿಂದ ನುಗ್ಗುವ ಕೊಳಚೆ, ಕಚೇರಿಯಿಂದ ಕಚೇರಿಗೆ ಅಲೆದಾಟ. ಇವಕ್ಕೆಲ್ಲ ಫೋಟೊ ತೆಗೆಯುವವರು ಇರುವುದಿಲ್ಲ. ಹಸುವಿಗೆ ಹುಲ್ಲು ಕೊಯ್ಯುವ ಹಳೆಯ ಊರಿನವರನ್ನೂ ದಂಡೆಯ ಸರ್ಕಾರಿ ಶಾಲೆಯ ಮಕ್ಕಳನ್ನೂ ಕೆರೆಯಿಂದ ದೂರ ಮಾಡಲಿಲ್ಲ. ಅಪಾರ್ಟ್‌ಮೆಂಟಿನವರ ವಾಕಿಂಗಿಗೆ ಮಾತ್ರ ಬೇಲಿ ಹಾಕಿಕೊಳ್ಳುವುದು ಸುಲಭವಿತ್ತು. ನೀರುಗಂಟಿಗಳು ತೂಬು ನೋಡಿಕೊಂಡು ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ಊರುಗಳಿವು. ಕೆರೆ ಊರಿನ ಎಲ್ಲರದ್ದು ಎಂಬ ತಿಳಿವಳಿಕೆ ಇಲ್ಲಿಯದೇ, ಹೊರಗಿನಿಂದ ತರಬೇಕಾದದ್ದಲ್ಲ.

ಈಗ ನೀವು ಮಾಡಬೇಕಾದ್ದು. ಶಾಲೆ ಮೇ ಕೊನೆಯಲ್ಲಿ ತೆರೆಯುತ್ತದೆ. ಮೊದಲ ಎರಡು ವಾರ ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರದ ಗಡಿಬಿಡಿ. ಜೂನ್ ಮೂರನೇ ವಾರ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, ಟೀ ಶರ್ಟು, ಬ್ಯಾನರ್ ಯಾವುದೂ ಇಲ್ಲದೆ ಇಬ್ಬರೇ ಹೋಗಿ. ಯಾವ ತರಗತಿಗೆ ಓದಿಸುವವರು ಬೇಕು, ಎಷ್ಟು ತಿಂಗಳು ಬೇಕು ಎಂದು ಕೇಳಿ. ಅವರು ಒಂದು ವರ್ಷ ಎನ್ನಬಹುದು. ನಿಮ್ಮ ಕೈಲಾಗುವುದು ನಾಲ್ಕೇ ತಿಂಗಳಾದರೆ ನಾಲ್ಕೇ ಎಂದು ಹೇಳಿ. ಅಷ್ಟಕ್ಕೆ ತಕ್ಕ ಪಾಠವನ್ನು ಅವರು ಹೊಂದಿಸಿಕೊಳ್ಳುತ್ತಾರೆ.